ಎಂಟಕ್ಕೆ ಎರಡು ತೂತು

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಏಕೆಂದರೆ ಮುಂದೆ ನನ್ನನ್ನು ನಾನೇ ಸಾಕಷ್ಟು ಹೊಗಳಿಕೊಳ್ಳುವುದಿದೆ. ಆ ಭರದಲ್ಲಿ ತಪ್ಪು ಒಪ್ಪಿಕೊಳ್ಳುವುದಕ್ಕೆ ಜಾಗ ಸಿಗಲಿಕ್ಕಿಲ್ಲ. ಬಾಗಿಲಿಗೆ ಬೆನ್ನು ಹಾಕಿ ನಿಂತು ಮಿಮಿಕ್ರಿ ಮಾಡಬಾರದು. ಇದು ಈ ವಿದ್ಯೆಯ ಮೊದಲ ಪಾಠ. ನಾನು ದುರ್ಗದಲ್ಲಿ ಬಿ.ಸಿ.ಎ. ಕೊನೆಯ ವರ್ಷ ಓದುತ್ತಿದ್ದಾಗ, ಕಂಪ್ಯೂಟರ್ ಲ್ಯಾಬಿನಲ್ಲಿ, ಸರಿಯಾಗಿ ಬಾಗಿಲಿಗೇ ಬೆನ್ನು ಹಾಕಿ ನಿಂತು, ಕರ್ಚೀಫನ್ನು ಸೆರಗಿನ ತುದಿಯ ಹಾಗೆ ಹಿಡಿದು, ಇಲ್ಲದ ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಮೂಗಿನ ಮೇಲೆ ಕೂರಿಸಿ, ನಮ್ಮ ಲ್ಯಾಬ್ ಮೇಡಮ್ಮಿನ ದನಿಯಲ್ಲಿ, "ಎಲ್ಲಿ, ಸೊನ್ನೆ ಕೊಡು ನೋಡಾಣ" ಎಂದೆ.

ಯಾರೂ ನಗಲಿಲ್ಲ.

ಮಿಮಿಕ್ರಿ ಮಾಡುವವನಿಗೆ ಎರಡು ಬಗೆಯ ಮೌನ ಗೊತ್ತಿರುತ್ತದೆ. ಒಂದು, ನಕಲು ಚೆನ್ನಾಗಿಲ್ಲ ಎನ್ನುವುದು. ಇನ್ನೊಂದು, ಅಸಲು ಬಂದು ನಿಂತಿದೆ ಎನ್ನುವುದು. ನನ್ನ ನಕಲು ಚೆನ್ನಾಗಿಲ್ಲದೇ ಇರುವ ಪ್ರಶ್ನೆಯೇ ಇರಲಿಲ್ಲವಾದ್ದರಿಂದ ನಾನು ನಿಧಾನವಾಗಿ ತಿರುಗಿದೆ. ಮೇಡಂ ಬಾಗಿಲಲ್ಲಿ ನಿಂತಿದ್ದರು. ಬೈಯಲಿಲ್ಲ. ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಹಾಕಿಕೊಂಡರು. ಆಮೇಲೆ, ಪ್ರೋಗ್ರಾಮಿನಲ್ಲಿ ಬಿಟ್ಟುಹೋದ ಚುಕ್ಕೆಯನ್ನು ತೋರಿಸುವಷ್ಟೇ ಶಾಂತವಾಗಿ ಹೇಳಿದರು: "ನಾನು ಎಡಗಡೆ ಗಾಜು ಮೊದ್ಲು ಒರೆಸ್ತೀನಿ. ನೀನು ಬಲಗಡೇದು ಒರೆಸ್ದೆ."

ಆಗ ಎಲ್ಲರೂ ನಕ್ಕರು.

ಇದೆಲ್ಲ ಈಗ ನೆನಪಾಗಲು ಕಾರಣ, ಇವತ್ತು ಬೆಳಿಗ್ಗೆ ಪೆನ್ನು ಹುಡುಕುತ್ತ ಮೇಜಿನ ಡ್ರಾಯರಿಗೆ ಕೈ ಹಾಕಿದಾಗ ಸಿಕ್ಕ ಒಂದು ಹಳದಿ ಬಿಲ್ಲೆ. ಹೆಬ್ಬೆರಳಿನಷ್ಟು ಅಗಲದ ಪ್ಲಾಸ್ಟಿಕ್ಕು, ಮೇಲೆ ಹನ್ನೆರಡು ಅಂಕೆಗಳು. ನೀವು ಪೇಟೆಯವರಾಗಿದ್ದರೆ ಇದನ್ನು ಬೀಗದ ಕೈಗೆ ಕಟ್ಟುವ ಬಿಲ್ಲೆ ಎಂದುಕೊಳ್ಳುತ್ತೀರಿ. ನಮ್ಮ ಕಡೆಯವರಾಗಿದ್ದರೆ, ಯಾವ ಕುರಿಯ ಕಿವಿಯಿಂದ ಕಿತ್ತು ಬಿತ್ತಪ್ಪ ಇದು ಎಂದು ಕೇಳುತ್ತೀರಿ. ಪಶು ಆಸ್ಪತ್ರೆಯವರು ಲಸಿಕೆ ಹಾಕಿದಾಗ ಕುರಿಯ ಕಿವಿಗೆ ಚುಚ್ಚುವ ಬಿಲ್ಲೆ ಅದು. ನನ್ನ ಡಿಗ್ರಿಯ ಅರ್ಧ ಪಾಲು ಅದರ ಮೇಲೆ ಬರೆದಿದೆ ಎಂದರೆ ನೀವು ನಂಬಬೇಕು.

ಮೇಡಮ್ಮಿನ ಸೊನ್ನೆಯ ವಿಚಾರ ಹೇಳಿಬಿಡುತ್ತೇನೆ. ಅವರು ದಿನಾ ಹಿರಿಯೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರು ಯಾರ ಪ್ರೋಗ್ರಾಮನ್ನೂ ಓದುತ್ತಿರಲಿಲ್ಲ. ಪಕ್ಕದಲ್ಲಿ ನಿಂತು, ಕನ್ನಡಕ ಒರೆಸಿ, ಮೊದಲು ಸೊನ್ನೆ ಕೊಡಲು ಹೇಳುತ್ತಿದ್ದರು. ನಾವು ಹುಡುಗರು ನೂರು ಕೊಟ್ಟು ನೋಡಿರುತ್ತಿದ್ದೆವು, ಸಾವಿರ ಕೊಟ್ಟು ನೋಡಿರುತ್ತಿದ್ದೆವು; ಸೊನ್ನೆ ಯಾರಿಗೆ ಬೇಕು? ಆದರೆ ನಮ್ಮ ಪ್ರೋಗ್ರಾಮುಗಳು ಸೊನ್ನೆಯ ಮುಂದೆ, ಪರೀಕ್ಷೆಯ ಮುಂದೆ ನಾವು ನಿಲ್ಲುವ ಹಾಗೆ, ಬೆವರಿ ನಿಂತುಬಿಡುತ್ತಿದ್ದವು. ಹೀಗೆ ಸೊನ್ನೆಯೊಂದರಿಂದಲೇ ಇಡೀ ತರಗತಿಯನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ ಮೇಡಮ್ಮನ್ನು ನಾನು ಆಡಿಕೊಂಡಿದ್ದೆ.

ಶಿಕ್ಷೆಯೂ ಅವರ ಹಾಗೆಯೇ ಶಾಂತವಾಗಿತ್ತು. ನನ್ನ ಲ್ಯಾಬ್ ರೆಕಾರ್ಡ್ ಪುಸ್ತಕವನ್ನು ಎತ್ತಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ಅದರಲ್ಲಿ ಅವರ ಸಹಿ ಇಲ್ಲದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರುವಂತಿಲ್ಲ. ಕೂರದಿದ್ದರೆ ಇನ್ನೊಂದು ವರ್ಷ ಅದೇ ಲ್ಯಾಬು, ಅದೇ ಮೇಡಂ, ಅದೇ ಸೊನ್ನೆ. ಸಹಿ ಬೇಕಾದರೆ ಶನಿವಾರದೊಳಗೆ ಒಂದು ಪ್ರೋಗ್ರಾಮು ಬರೆದು ತರಬೇಕು ಎಂದರು. ಯಾವುದೇ ಸಂಖ್ಯೆ ಕೊಟ್ಟರೂ ಅದರ ಅಂಕೆಗಳನ್ನು ಒಂದೊಂದಾಗಿ ಬಿಡಿಸಿ, ಆ ಸಂಖ್ಯೆಗೆ ಇಂಥ ಗುಣ ಇದೆಯೋ ಇಲ್ಲವೋ ಹೇಳಬೇಕು. ಗುಣ ಪುಸ್ತಕದಲ್ಲಿ ಇದ್ದದ್ದಾಗಿರಬಾರದು, ಮೊಬೈಲಿನಿಂದ ಎತ್ತಿದ್ದಾಗಿರಬಾರದು. ಎಲ್ಲಿಂದ ಬಂತು ಎಂಬುದನ್ನು ಸಾಕ್ಷಿ ಸಮೇತ ತೋರಿಸಬೇಕು.

ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದರು. "ಇಷ್ಟು ದಿನ ಎಲ್ರ ದನಿನೂ ಕೇಳ್ಸಿದೀಯ. ನಿಂದೊಂದು ಕೇಳ್ಸು ನೋಡಾಣ."

ನನ್ನ ದನಿ! ಅದು ಯಾವುದೆಂದು ನನಗೇ ಗೊತ್ತಿದ್ದರೆ ತಾನೆ. ಆರನೇ ಕ್ಲಾಸಿನಲ್ಲಿ ಚಂದ್ರವಳ್ಳಿಗೆ ಪ್ರವಾಸ ಹೋದಾಗ ಗುಹೆಯೊಳಗೆ ಎಲ್ಲ ಹುಡುಗರೂ ತಮ್ಮ ತಮ್ಮ ಹೆಸರು ಕೂಗಿ ಪ್ರತಿಧ್ವನಿ ಕೇಳಿದರು. ನಾನು ಹೆಡ್‌ಮಾಸ್ತರ ದನಿಯಲ್ಲಿ "ಸಾಲಾಗಿ ನಿಲ್ರಿ" ಎಂದೆ. ಕತ್ತಲೆಯಲ್ಲಿ ನಲವತ್ತು ಹುಡುಗರೂ ಸಾಲಾಗಿ ನಿಂತರು. ನಿಜವಾದ ಹೆಡ್‌ಮಾಸ್ತರೂ, ಅಭ್ಯಾಸಬಲದಿಂದಲೋ ಏನೋ, ಗೋಡೆಗೆ ಒತ್ತಿಕೊಂಡು ನಿಂತರು. ಆಚೆ ಬಂದ ಮೇಲೆ ಬೆನ್ನಿಗೆ ಬಿದ್ದದ್ದು ಬೇರೆ ಮಾತು. ಬಸ್ಸಿನ ಕಂಡಕ್ಟರು, ಮೈಕಿನಲ್ಲಿ ಕೂಗುವ ಸೋಫಾ ರಿಪೇರಿಯವನು, ಫೋನಿನಲ್ಲಿ ಮಾತಾಡುವಾಗ ಮಾತ್ರ ಬೆಂಗಳೂರಿನವಳಾಗುವ ನನ್ನ ಅಕ್ಕ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಮರಿ ಕಳೆದುಕೊಂಡ ತಾಯಿ ಕುರಿಯ ಹಾಗೆ ಅರಚಿದರೆ ರೊಪ್ಪದೊಳಗಿನ ಮರಿಗಳೆಲ್ಲ ಕಿವಿ ನಿಮಿರಿಸಿ ನನ್ನ ಕಡೆ ಓಡಿಬರುತ್ತಿದ್ದವು. ರೊಪ್ಪ ಎಂದರೆ ಮುಳ್ಳುಬೇಲಿ ಹಾಕಿದ ಕುರಿದೊಡ್ಡಿ. ಮೊಲೆ ಹುಡುಕಿ ನನ್ನ ಮೊಣಕಾಲಿಗೆ ಗುದ್ದಿ ಗುದ್ದಿ ಕೊನೆಗೆ ನಿರಾಶೆಯಿಂದ ನನ್ನ ಮುಖ ನೋಡುತ್ತಿದ್ದವಲ್ಲ, ಅಷ್ಟು ಪ್ರಾಮಾಣಿಕವಾದ ವಿಮರ್ಶೆ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಇರಲಿ. ಗುಣ ಹುಡುಕಬೇಕಿತ್ತು. ಹಾಸ್ಟೆಲಿನಲ್ಲಿ ನನ್ನ ಜೊತೆ ಇದ್ದವನು ಹೊಸದುರ್ಗದ ತಿಪ್ಪೇಶ. ಅವನು ಒಂದು ವಾಕ್ಯ ಶುರುಮಾಡಿದರೆ ನೀವು ಹೋಗಿ ಟೀ ಕುಡಿದು ಬರಬಹುದು; ಬರುವಷ್ಟರಲ್ಲಿ ಕ್ರಿಯಾಪದ ಬಂದಿರುತ್ತದೆ. ಆದರೆ ತಲೆ ಮಾತ್ರ ಚುರುಕು. ಇಬ್ಬರೂ ಕೂತು ಯೋಚಿಸಿದೆವು. ತಿರುಗಿಸಿ ಬರೆದರೂ ಅದೇ ಆಗಿರುವ ಸಂಖ್ಯೆ? ಪುಸ್ತಕದಲ್ಲಿದೆ. ಅಂಕೆಗಳನ್ನು ಕೂಡಿಸಿ, ಬಂದ ಮೊತ್ತದಿಂದ ಆ ಸಂಖ್ಯೆಯನ್ನೇ ಭಾಗಿಸಿದರೆ ಶೇಷ ಉಳಿಯದ ಸಂಖ್ಯೆ? ಅದೂ ಇದೆ. ನೂರಾ ಐವತ್ತಮೂರು ಇದೆಯಲ್ಲ, ಅದರ ಒಂದು, ಐದು, ಮೂರು ಇವುಗಳ ಘನಗಳನ್ನು ಕೂಡಿಸಿದರೆ ಮತ್ತೆ ನೂರಾ ಐವತ್ತಮೂರೇ ಬರುತ್ತದೆ. ಅಂಥ ಸಂಖ್ಯೆಗಳಿಗೆ ಯಾರೋ ಬಿಳಿ ದೊರೆಯ ಹೆಸರಿಟ್ಟು ನಮ್ಮ ಪುಸ್ತಕದ ಮೊದಲ ಪುಟದಲ್ಲೇ ಕೂರಿಸಿದ್ದಾರೆ. ನಾವು ಹೊಸದೆಂದು ಯೋಚಿಸಿದ್ದನ್ನೆಲ್ಲ ನಮಗಿಂತ ಮೊದಲು ಯಾರೋ ಪುಣ್ಯಾತ್ಮರು ಯೋಚಿಸಿ, ಹೆಸರಿಟ್ಟು, ಉದಾಹರಣೆ ಕೊಟ್ಟು ಮುಗಿಸಿದ್ದರು. ತಿಪ್ಪೇಶ ಕೊನೆಗೆ, ತುಂಬ ಹೊತ್ತು ತೆಗೆದುಕೊಂಡು, ಮೇಡಮ್ಮಿನ ಕಾಲಿಗೆ ಬೀಳುವುದಕ್ಕೆ ಯಾವ ಪ್ರೋಗ್ರಾಮೂ ಬೇಡ ಎಂಬ ಅರ್ಥದ ಮಾತು ಹೇಳಿದ. ನಾನು ಗುರುವಾರ ಮಧ್ಯಾಹ್ನದ ಬಸ್ಸು ಹಿಡಿದು ಊರಿಗೆ ಹೊರಟೆ. ಐಮಂಗಲದಲ್ಲಿ ಇಳಿದು ಎರಡು ಮೈಲಿ ನಡೆದರೆ ನಮ್ಮ ಹಟ್ಟಿ.

ಅಲ್ಲಿ ದೊಡ್ಡಮ್ಮ ಕುರಿಗಳಿಗೆ ಹೆಸರು ಹಿಡಿದು ಬೈಯುತ್ತಿದ್ದಳು.

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಮನೆಯ ಎಂಬತ್ತು ಚಿಲ್ಲರೆ ಕುರಿಗಳಿಗೂ ಹನ್ನೊಂದು ಮನುಷ್ಯರಿಗೂ ಆಕೆಯೇ ಯಜಮಾನಿ. ಕುರಿಗಳು ಮಾತು ಕೇಳುತ್ತವೆ ಎಂಬ ಒಂದು ಕಾರಣಕ್ಕೆ ಅವುಗಳ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಓದು ಬರಹ ಬರುವುದಿಲ್ಲ. ಆದರೆ ಒಂದೊಂದು ಕುರಿಯ ಮುಖವೂ ಗೊತ್ತು. ನಮಗೆ ಎಲ್ಲ ಕುರಿಗಳೂ ಒಂದೇ ಥರ ಕಾಣುತ್ತವಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, ರಸ್ತೆ ಅಳೆಯಲು ಬರುವ ಇಂಜಿನಿಯರುಗಳೆಲ್ಲ ತನಗೂ ಒಂದೇ ಥರ ಕಾಣುತ್ತಾರೆ, ಅದಕ್ಕೇನು ಮಾಡುವುದು ಎಂದಿದ್ದಳು.

ಹಳದಿ ಬಿಲ್ಲೆಗಳು ಬಂದಾಗ ಆಕೆಗೊಂದು ತೊಡಕಾಯಿತು. ಲಸಿಕೆ ಹಾಕಲು ಬರುವ ಹುಡುಗನ ಪಟ್ಟಿಯಲ್ಲಿ ಕುರಿಗಳ ಮುಖ ಇರುವುದಿಲ್ಲ, ನಂಬರು ಇರುತ್ತದೆ. ಆತ ಹನ್ನೆರಡು ಅಂಕೆಯನ್ನು ಓದಿ, ಈ ಕುರಿ ಎಲ್ಲಿ ಎನ್ನುತ್ತಾನೆ. ಎಂಬತ್ತು ಕಿವಿಗಳನ್ನು ಹಿಡಿದು ನೋಡುತ್ತ ಕೂತರೆ ಸಂಜೆಯಾಗುತ್ತದೆ. ಮೊದಲ ಸಲ ಮನೆಯಲ್ಲಿ ಓದು ಬಲ್ಲವರು ಯಾರೂ ಇರಲಿಲ್ಲ. ದೊಡ್ಡಮ್ಮ ಆ ಪಟ್ಟಿಯನ್ನು ಇಸಿದುಕೊಂಡು, ತೋಳುದ್ದ ದೂರ ಹಿಡಿದು, ಒಂದು ನಂಬರಿನ ಕೆಳಗೆ ಉಗುರು ಸರಿಸುತ್ತ ತುಟಿ ಅಲ್ಲಾಡಿಸಿದಳಂತೆ. ಆಮೇಲೆ ನೆಟ್ಟಗೆ ರೊಪ್ಪದೊಳಗೆ ಹೋಗಿ ಒಂದು ಕೆಂದು ಬಣ್ಣದ ಕುರಿಯ ಕಾಲು ಹಿಡಿದು ಎಳೆದುಕೊಂಡು ಬಂದಳಂತೆ. ಹುಡುಗ ಬಿಲ್ಲೆ ನೋಡಿದ, ಅದೇ ನಂಬರು. ಎರಡನೆಯದು ತೋರಿಸಿದ, ಅದೂ ಬಂತು. ಓದಲು ಬರುತ್ತದೇನಮ್ಮ ಎಂದು ಕೇಳಿದ. ದೊಡ್ಡಮ್ಮ ಇಲ್ಲವೆಂದಳು. ಮತ್ತೆ ಹೇಗೆ ಎಂದ. ತೂತು ಎಣಿಸಿದೆ ಎಂದಳು.

ಅದೇ ಆಕೆಯ ವಿದ್ಯೆ. ಅಂಕೆಯ ಹೆಸರು ಏನಾದರೂ ಇರಲಿ, ಅದರಲ್ಲಿ ಎಷ್ಟು ತೂತು? ಸೊನ್ನೆಗೆ ಒಂದು. ಆರಕ್ಕೆ ಒಂದು, ಒಂಬತ್ತಕ್ಕೆ ಒಂದು. ಬಿಲ್ಲೆಯ ಮೇಲಿನ ನಾಲ್ಕು ಮೇಲ್ಗಡೆ ಕೂಡಿಕೊಂಡು ತ್ರಿಕೋನದಂತೆ ಇರುವುದರಿಂದ ಅದಕ್ಕೂ ಒಂದು. ಎಂಟಕ್ಕೆ ಎರಡು. ಒಂದು, ಎರಡು, ಮೂರು, ಐದು, ಏಳು ಇವಕ್ಕೆ ತೂತೇ ಇಲ್ಲ. ದೊಡ್ಡಮ್ಮನ ಲೆಕ್ಕದಲ್ಲಿ ಅವು ಗಟ್ಟಿ. ಹನ್ನೆರಡು ಅಂಕೆಯ ತೂತುಗಳನ್ನೆಲ್ಲ ಕೂಡಿಸಿದರೆ ಬಂದ ಮೊತ್ತವೇ ಆ ಕುರಿಯ ಗುರುತು. ಬಿಲ್ಲೆ ಚುಚ್ಚಿದ ದಿನವೇ ಒಂದೊಂದು ಕುರಿಯ ತೂತನ್ನೂ ಎಣಿಸಿ ಮುಖದ ಜೊತೆ ನೆನಪಿಟ್ಟುಕೊಂಡುಬಿಡುತ್ತಾಳೆ. ಒಂದೇ ಮೊತ್ತದವು ಐದಾರು ಇದ್ದರೆ ಕೊನೆಯ ಅಂಕೆಯ ಆಕಾರ ನೋಡಿ ಬೇರೆ ಮಾಡುತ್ತಾಳೆ. ಹೀಗಾಗಿ ನಮ್ಮ ಹಿಂಡಿನಲ್ಲಿ ಏಳು ತೂತಿನವರು, ಐದು ತೂತಿನವರು ಎಂದು ಬಳಗಗಳೇ ಆಗಿಹೋಗಿವೆ. ಏಳು ತೂತಿನವರು ಜಗಳಗಂಟರು ಎಂದು ದೊಡ್ಡಮ್ಮನ ಅಭಿಪ್ರಾಯ. ನನ್ನ ಆಧಾರ್ ಕಾರ್ಡು ತೋರಿಸಿದಾಗ ಉಗುರಿಟ್ಟು ಎಣಿಸಿ, ಏಳು ಎಂದು ಹೇಳಿ, ಗೊತ್ತೇ ಇತ್ತು ಎನ್ನುವ ಹಾಗೆ ಕಾರ್ಡು ವಾಪಸು ಕೊಟ್ಟಿದ್ದಳು.

ಇದರಲ್ಲಿ ಇನ್ನೊಂದು ಚಮತ್ಕಾರವಿದೆ. ಕುರಿ ಕಿವಿ ಅಲ್ಲಾಡಿಸುತ್ತಲೇ ಇರುತ್ತದೆ, ಬಿಲ್ಲೆ ಒಮ್ಮೊಮ್ಮೆ ತಲೆಕೆಳಗಾಗಿ ನಿಂತುಬಿಡುತ್ತದೆ. ಆಗ ಓದು ಬಲ್ಲವರಿಗೆ ಆರು ಒಂಬತ್ತಾಗುತ್ತದೆ, ಒಂಬತ್ತು ಆರಾಗುತ್ತದೆ. ಲಸಿಕೆಯ ಹುಡುಗ ಒಮ್ಮೆ ಹಾಗೆ ತಲೆಕೆಳಗಾಗಿ ಓದಿ, ಇಂಥ ನಂಬರೇ ಪಟ್ಟಿಯಲ್ಲಿಲ್ಲ ಎಂದು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದನಂತೆ. ದೊಡ್ಡಮ್ಮನಿಗೆ ಆ ಕಷ್ಟವಿಲ್ಲ. ಬಿಲ್ಲೆಯನ್ನು ಹೇಗೆ ತಿರುಗಿಸಿದರೂ ತೂತು ಅಷ್ಟೇ.

ಈ ಎಲ್ಲವನ್ನೂ ನಾನು ಮೂರು ವರ್ಷದಿಂದ ನೋಡಿದ್ದೆ. ನೋಡಿದ್ದೆ ಏನು, ಆಕೆ ತೋಳುದ್ದಕ್ಕೆ ಕಾಗದ ಹಿಡಿಯುವುದನ್ನೂ ತುಟಿ ಅಲ್ಲಾಡಿಸುವುದನ್ನೂ ನಕಲು ಮಾಡಿ ಹಾಸ್ಟೆಲನ್ನೇ ನಗಿಸಿದ್ದೆ. ಅದೊಂದು ವಿದ್ಯೆ ಎಂದು ಮಾತ್ರ ಹೊಳೆದಿರಲಿಲ್ಲ. ಆ ಗುರುವಾರ ಸಂಜೆ ದೊಡ್ಡಮ್ಮ ಒಂದು ಹೊಸ ಮರಿಯ ಕಿವಿ ಹಿಡಿದು, "ನಾಕೇ ತೂತು, ಪಾಪದ್ದು" ಎಂದಾಗ ನನಗೆ ಯಾರೋ ತಲೆಗೆ ಮೊಟಕಿದ ಹಾಗಾಯಿತು. ಪುಸ್ತಕದಲ್ಲಿಲ್ಲ. ಮೊಬೈಲಿನಿಂದ ಎತ್ತಿದ್ದಲ್ಲ. ಸಾಕ್ಷಿ ಮರಿಯ ಕಿವಿ ಹಿಡಿದುಕೊಂಡು ಮುಂದೆಯೇ ನಿಂತಿದೆ. ಮುದ್ದಾಂ ಹೇಳುತ್ತೇನೆ, ಆಮೇಲೆ ತಿಪ್ಪೇಶ ಹುಡುಕಿ ನೋಡಿ, ಜಗತ್ತಿನಲ್ಲಿ ಇನ್ನೂ ಯಾರೋ ಅಂಕೆಗಳ ತೂತು ಎಣಿಸಿದ್ದಾರೆ ಎಂದು ವರದಿ ತಂದ. ಎಣಿಸಿರಬಹುದು. ಅವರಿಗೆ ಕುರಿ ಇತ್ತೇನು?

ಶುಕ್ರವಾರ ಹಾಸ್ಟೆಲಿಗೆ ಬಂದು ಬರೆಯಲು ಕೂತೆ. ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಉಳಿಯುವ ಶೇಷವೇ ಕೊನೆಯ ಅಂಕೆ. ಅದರ ತೂತು ಕೂಡಿಸಿಕೋ, ಆ ಅಂಕೆಯನ್ನು ಬಿಸಾಕು, ಮುಂದಿನದಕ್ಕೆ ಹೋಗು. ಸಂಖ್ಯೆ ಮುಗಿದು ಸೊನ್ನೆಯಾಗುವವರೆಗೆ ಇದೇ ಕೆಲಸ. ಕೊನೆಯಲ್ಲಿ ಒಂದೂ ತೂತಿಲ್ಲದಿದ್ದರೆ "ಗಟ್ಟಿ ಸಂಖ್ಯೆ" ಎಂದು ಹೇಳಬೇಕು, ಇದ್ದರೆ ಎಷ್ಟು ಎಂದು ಹೇಳಬೇಕು. ಹದಿನೈದು ಸಾಲು. ಬರೆದು ಮುಗಿಸಿ, ಕೈ ಕಟ್ಟಿ ಹಿಂದಕ್ಕೆ ಒರಗಿ, ರೊಪ್ಪದಲ್ಲಿ ಬಿದ್ದಿದ್ದನ್ನು ಎತ್ತಿ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ ಬಿಲ್ಲೆಯ ಹನ್ನೆರಡು ಅಂಕೆಯನ್ನು ಕೊಟ್ಟೆ.

ಪರದೆಯ ಮೇಲೆ ಮೈನಸ್ ಚಿಹ್ನೆ ಹೊತ್ತ ಯಾವುದೋ ಸಂಖ್ಯೆ ಬಂತು. ನಮ್ಮ ಹಟ್ಟಿಯಲ್ಲಿ ಮೈನಸ್ ಕುರಿ ಇರಲಿಲ್ಲ. ಸಂಖ್ಯೆ ಇಟ್ಟುಕೊಳ್ಳಲು ನಾನು ಕೊಟ್ಟ ಜಾಗ ಸಣ್ಣದು, ಹನ್ನೆರಡು ಅಂಕೆ ಅದರಲ್ಲಿ ಹಿಡಿಸುವುದಿಲ್ಲ ಎಂದು ತಿಪ್ಪೇಶ ತನ್ನದೇ ವೇಗದಲ್ಲಿ ವಿವರಿಸಿದ. ಜಾಗ ದೊಡ್ಡದು ಮಾಡಿದೆ. ಈಗ ತೂತಿನ ಲೆಕ್ಕ ಸರಿ ಬಂತು, ಆದರೆ "ಸೊನ್ನೆ ಎಂಬ ಸಂಖ್ಯೆಗೆ ಎಂಟು ತೂತು" ಎಂದು ಬರೆಯಿತು. ನಾನು ಅಂಕೆಗಳನ್ನು ಒಂದೊಂದಾಗಿ ಬಿಸಾಕುತ್ತ ಹೋಗಿ ಅಸಲು ಸಂಖ್ಯೆಯನ್ನೇ ಕಳೆದುಕೊಂಡಿದ್ದೆ. ಎಣಿಸುವ ಭರದಲ್ಲಿ ಕುರಿಯನ್ನೇ ತಿಂದು ಮುಗಿಸಿದ ಹಾಗೆ. ಅದಕ್ಕೊಂದು ನಕಲು ಮೊದಲೇ ಇಟ್ಟುಕೊಂಡು ಸರಿಮಾಡಿದೆ.

ಎಲ್ಲ ಸರಿಯಾಯಿತು ಎನಿಸಿತು. ಆಮೇಲೆ ನಾನು ಮಾಡಿದ ಕೆಲಸದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಎದ್ದು ನಿಂತು, ಈ ಸಲ ಬಾಗಿಲ ಕಡೆ ಮುಖ ಮಾಡಿ, ಕರ್ಚೀಫು ಹಿಡಿದು, ಇಲ್ಲದ ಕನ್ನಡಕ ತೆಗೆದು ಎಡಗಡೆಯ ಗಾಜನ್ನು ಮೊದಲು ಒರೆಸಿ, ಮೇಡಮ್ಮಿನ ದನಿಯಲ್ಲಿ ನನಗೆ ನಾನೇ ಸೊನ್ನೆ ಕೊಡಲು ಹೇಳಿದೆ. ಆ ದನಿ ಬಾಯಿಗೆ ಬಂದ ಕೂಡಲೇ ಅವರ ಗುಮಾನಿಯೂ ತಲೆಗೆ ಬಂತು. ನನ್ನ ಪ್ರೋಗ್ರಾಮನ್ನು ನಾನೇ ಕಳ್ಳನನ್ನು ನೋಡುವ ಹಾಗೆ ನೋಡಿದೆ. ಸೊನ್ನೆ ಕೊಟ್ಟೆ.

"ಗಟ್ಟಿ ಸಂಖ್ಯೆ" ಎಂದಿತು.

ಇಡೀ ಮೈಯೇ ತೂತಾಗಿರುವ ಸೊನ್ನೆ, ಗಟ್ಟಿಯಂತೆ! ಸೊನ್ನೆಯಾಗುವವರೆಗೆ ಎಣಿಸು ಎಂದು ನಾನು ಹೇಳಿದ್ದೆ. ಬಂದದ್ದೇ ಸೊನ್ನೆಯಾದ್ದರಿಂದ ಅದು ಎಣಿಸಲು ಶುರುವನ್ನೇ ಮಾಡಿರಲಿಲ್ಲ. ಅದನ್ನೂ ತಿದ್ದಿದೆ. ಆಮೇಲೆ ಸುಮಾರು ಒಂದು ಗಂಟೆ ಮೇಡಮ್ಮಾಗಿಯೇ ಇದ್ದು ಏನೇನೋ ಸಂಖ್ಯೆ ಕೊಟ್ಟು ನನ್ನನ್ನು ನಾನೇ ಗೋಳು ಹುಯ್ದುಕೊಂಡೆ. ಜನ ಮಿಮಿಕ್ರಿಯಿಂದ ಏನು ಪ್ರಯೋಜನ ಎನ್ನುತ್ತಾರೆ. ಬೇರೆಯವರ ದನಿಯಲ್ಲಿ ಮಾತಾಡಿದಾಗ ಬೇರೆಯವರ ಕಣ್ಣಿನಿಂದ ಒಂದು ಕ್ಷಣ ನೋಡಲಿಕ್ಕೆ ಆಗುತ್ತದೆ. ಇದನ್ನು ನಾನು ಯಾವುದಾದರೂ ವೇದಿಕೆಯ ಮೇಲೆ ಹೇಳಬೇಕೆಂದಿದ್ದೇನೆ. ಯಾರೂ ಕರೆದಿಲ್ಲವಾದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಶನಿವಾರ ಬಂತು. ಮೇಡಂ ನನ್ನ ಪಕ್ಕ ಬಂದು ನಿಂತರು. ನನ್ನ ರೆಕಾರ್ಡ್ ಪುಸ್ತಕ ಅವರ ಕಂಕುಳಲ್ಲಿತ್ತು, ಕೆಂಪು ಪೆನ್ನು ಕೈಯಲ್ಲಿತ್ತು. ಕನ್ನಡಕ ಒರೆಸಿದರು, ಎಡಗಾಜು ಮೊದಲು. ಸೊನ್ನೆ ಕೇಳಿದರು. ಕೊಟ್ಟೆ. ಒಂದು ತೂತು, ಗಟ್ಟಿ ಅಲ್ಲ ಎಂದು ಬಂತು. ಅವರು ನನ್ನ ಮುಖ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಪ್ರೋಗ್ರಾಮೊಂದು ಅವರ ಸೊನ್ನೆಯನ್ನು ದಾಟಿತ್ತು. ಎಂಬತ್ತೆಂಟು ಕೇಳಿದರು, ನಾಲ್ಕು ತೂತು. ಸಾಲಾಗಿ ಏಳುಗಳನ್ನೇ ಕೊಟ್ಟರು, ಗಟ್ಟಿ. ಇದು ಎಲ್ಲಿಂದ ಬಂತು ಎಂದು ಕೇಳಿದರು. ನಾನು ದೊಡ್ಡಮ್ಮನ ಕಥೆ ಹೇಳಿದೆ. ಲ್ಯಾಬಿನಲ್ಲಿ ನಗು ಎದ್ದಿತು. ತಲೆಕೆಳಗಾದ ಬಿಲ್ಲೆಯ ವಿಷಯ ಬಂದಾಗ ಮೇಡಂ ಮಾತ್ರ ನಗಲಿಲ್ಲ. ಬೆರಳಿನಿಂದ ಗಾಳಿಯಲ್ಲಿ ಆರು ಬರೆದು, ತಿರುಗಿಸಿ ಒಂಬತ್ತು ಬರೆದು, ತಮ್ಮಷ್ಟಕ್ಕೆ ತಲೆಯಾಡಿಸಿದರು.

ಆದರೆ ಸಾಕ್ಷಿ ಬೇಕಲ್ಲ. ಫೋನು ಮಾಡಿ ದೊಡ್ಡಮ್ಮನ ಕೈಲೇ ಹೇಳಿಸುತ್ತೇನೆ ಎಂದೆ. "ಫೋನು ಬ್ಯಾಡ, ನಿಮ್ ದೊಡ್ಡಮ್ಮನ ದನೀನೂ ನೀನೇ ತೆಗೀತೀಯ. ವಿಡಿಯೋ ಹಾಕು" ಎಂದರು. ನನ್ನ ಖ್ಯಾತಿ ನನಗೇ ಮುಳುವಾಗಿ ನಿಂತಿತ್ತು.

ದೊಡ್ಡಮ್ಮ ಕುರಿ ಮೇಯಿಸುತ್ತಿದ್ದಳು. ಫೋನು ಎತ್ತಿದವಳು ಅಭ್ಯಾಸದಂತೆ ಕಿವಿಗಿಟ್ಟುಕೊಂಡಳು. ಹೀಗಾಗಿ ನನ್ನ ಫೋನಿಗೆ ಜೋಡಿಸಿದ್ದ ಲ್ಯಾಬಿನ ದೊಡ್ಡ ಪರದೆಯ ತುಂಬ ಮೊದಲು ಬಂದದ್ದು ದೊಡ್ಡಮ್ಮನ ಕಿವಿ ಮತ್ತು ಅದರ ವಾಲೆ. ಎದುರಿಗೆ ಹಿಡಿಯಲು ಹೇಳಿದೆ. ಆಮೇಲೆ ಮುಖ ಬಂತು, ಹಿಂದೆ ಹೆದ್ದಾರಿಯ ಲಾರಿಗಳು, ಜಾಲಿ ಗಿಡ, ಆಕೆಯ ಹೆಗಲ ಮೇಲಿಂದ ಇಣುಕುವ ಒಂದು ಏಳು ತೂತಿನ ಕುರಿ. ಮೇಡಂ ನಮಸ್ಕಾರ ಹೇಳಿದರು. ಯಾವೂರಿನವರು ಎಂದು ದೊಡ್ಡಮ್ಮ ಕೇಳಿದಳು. ಹಿರಿಯೂರು ಎಂದ ಮೇಲೆ ಹಾಗಾದರೆ ನಮ್ಮವರೇ ಎಂದು ಖುಷಿಯಾದಳು. ಹುಡುಗ ಓದುತ್ತಾನೋ ಬರೀ ಕಪಿಚೇಷ್ಟೆಯೋ ಎಂದು ಕೇಳಿದಳು. ಮೇಡಂ ನನ್ನನ್ನೊಮ್ಮೆ ನೋಡಿ, "ಕಲೀತಾನೆ ಬಿಡ್ರಮ್ಮ" ಎಂದಷ್ಟೇ ಹೇಳಿದರು. ಆ ಒಂದು ಮಾತಿಗೆ ನಾನು ಅವರ ನಕಲು ಮಾಡುವುದನ್ನು ಒಂದು ವಾರ ಬಿಟ್ಟಿದ್ದೆ.

ಆಮೇಲೆ ಅವರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮನಸ್ಸಿಗೆ ಬಂದ ಹನ್ನೆರಡು ಅಂಕೆ ಬರೆದರು. ಅದರಲ್ಲಿ ಎರಡು ಎಂಟು, ಮೂರು ಸೊನ್ನೆ, ಒಂದು ಆರು, ಒಂದು ಒಂಬತ್ತು, ಒಂದು ನಾಲ್ಕು ಇದ್ದವು, ಉಳಿದವು ಗಟ್ಟಿ. ನಾನು ಫೋನನ್ನು ಬೋರ್ಡಿನ ಹತ್ತಿರ ಹಿಡಿದೆ. ಅತ್ತ ದೊಡ್ಡಮ್ಮ ತೋಳುದ್ದಕ್ಕೆ ಫೋನು ಹಿಡಿದಿದ್ದಳು. ಉಗುರು ನಮ್ಮ ಪರದೆಯ ಮೇಲೆ ದೊಡ್ಡದಾಗಿ ಸರಿಯಿತು, ತುಟಿ ಅಲ್ಲಾಡಿತು. ಇತ್ತ ತಿಪ್ಪೇಶ ಅದೇ ಸಂಖ್ಯೆಯನ್ನು ನನ್ನ ಪ್ರೋಗ್ರಾಮಿಗೆ ಕೊಟ್ಟ.

ದೊಡ್ಡಮ್ಮ ಒಂಬತ್ತು ಎಂದಳು. ಪ್ರೋಗ್ರಾಮು ಹತ್ತು ಎಂದಿತು.

ಮೇಡಂ ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಆ ಟಿಕ್ ಎಂಬ ಸದ್ದು ಇಡೀ ಒಂದು ವರ್ಷ ಮುಚ್ಚಿಕೊಂಡ ಹಾಗೆ ಕೇಳಿಸಿತು. ನಾನು ದೊಡ್ಡಮ್ಮನಿಗೆ ಇನ್ನೊಂದು ಸಲ ಎಣಿಸಲು ಹೇಳಿದೆ. ಎಣಿಸಿ ಒಂಬತ್ತೇ ಎಂದಳು. ಬಿಸಿಲಿಗೆ ಸರಿಯಾಗಿ ಕಾಣುತ್ತಿಲ್ಲವೇನೋ, ನೆರಳಿಗೆ ಹೋಗಿ ನೋಡು ಎಂದೆ. ಹೋದಳು. ಒಂಬತ್ತು. ನಲವತ್ತು ಜನ ನನ್ನನ್ನೇ ನೋಡುತ್ತಿದ್ದರು. ಆ ಗಾಬರಿಯಲ್ಲಿ ನಾನು ಮಾಡಿದ್ದು ಎರಡನೆಯ ಮೂರ್ಖತನ. ಕಂಪ್ಯೂಟರು ಹತ್ತು ಅಂದಿದೆ ದೊಡ್ಡಮ್ಮ, ಅದು ಲೆಕ್ಕ ತಪ್ಪುವುದಿಲ್ಲ, ನಿನ್ನದೇ ತಪ್ಪಿರಬೇಕು ಎಂದುಬಿಟ್ಟೆ. ಯಾರಿಂದ ಕಲಿತಿದ್ದೆನೋ ಆಕೆಗೇ ಹೇಳಿದೆ, ಅದೂ ಆಕೆಯ ಕುರಿಗಳ ಮುಂದೆ.

ಅದಕ್ಕೆ ದೊಡ್ಡಮ್ಮ ಒಂದು ಮಾತು ಹೇಳಿದಳು. ಆ ಮಾತು ಕೇಳಿದ್ದೇ ಮೇಡಂ ಜೋರಾಗಿ ನಕ್ಕರು. ಅವರ ನಗುವನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ, ಆದ್ದರಿಂದ ನಕಲು ಮಾಡಲು ಇವತ್ತಿಗೂ ಬರುವುದಿಲ್ಲ. ನಗುತ್ತಲೇ ಬೋರ್ಡಿನ ಹತ್ತಿರ ಹೋಗಿ ತಾವು ಬರೆದ ನಾಲ್ಕರ ಮೇಲೆ ಬೆರಳಿಟ್ಟರು. ಅವರು ನಾಲ್ಕನ್ನು ತಲೆ ತೆರೆದು ಬರೆಯುತ್ತಾರೆ, ಕುರ್ಚಿ ತಲೆಕೆಳಗಾಗಿ ಇಟ್ಟ ಹಾಗೆ. ಅದರಲ್ಲಿ ತೂತಿಲ್ಲ. ನನ್ನ ಪ್ರೋಗ್ರಾಮಿಗೆ ಗೊತ್ತಿದ್ದದ್ದು ಬಿಲ್ಲೆಯ ಮೇಲಿನ ಕೂಡಿದ ನಾಲ್ಕು ಮಾತ್ರ. ಅದಕ್ಕೊಂದು ತೂತು 'ಇದೆ' ಎಂದು ನಾನೇ ಬರೆದು ಕೊಟ್ಟಿದ್ದೆ. ದೊಡ್ಡಮ್ಮನಿಗೆ ನಾಲ್ಕು ಎಂಬ ಹೆಸರೇ ಗೊತ್ತಿರಲಿಲ್ಲ, ಹಾಗಾಗಿ ಆ ಹೆಸರಿನಿಂದ ಮೋಸ ಹೋಗುವ ಪ್ರಶ್ನೆಯೂ ಇರಲಿಲ್ಲ.

ಮೇಡಂ ನನ್ನನ್ನು ಕೂರಿಸಿ ಒಂದೆರಡು ಸಾಲು ಸೇರಿಸಲು ಹೇಳಿದರು: ಎಣಿಸುವ ಮೊದಲು ಪ್ರೋಗ್ರಾಮು, ನಾಲ್ಕು ತೆರೆದದ್ದೋ ಮುಚ್ಚಿದ್ದೋ ಎಂದು ಕೇಳಬೇಕು. ಸೇರಿಸಿದೆ. ದೊಡ್ಡಮ್ಮ ಫೋನು ಹಿಡಿದುಕೊಂಡೇ ಕಾಯುತ್ತಿದ್ದಳು. ತೆರೆದದ್ದು ಎಂದು ಉತ್ತರ ಕೊಟ್ಟೆ. ಒಂಬತ್ತು ಬಂತು. ಮೇಡಂ ಪೆನ್ನಿನ ಮುಚ್ಚಳ ತೆಗೆದು ರೆಕಾರ್ಡಿನ ಮೇಲೆ ಸಹಿ ಹಾಕಿದರು. ಪ್ರೋಗ್ರಾಮಿನ ಕೆಳಗೆ, ಗುಣವನ್ನು ಕಂಡುಹಿಡಿದವರು ಯಾರು ಎಂದು ಬರೆಯುವ ಜಾಗದಲ್ಲಿ ದೊಡ್ಡಮ್ಮನ ಹೆಸರನ್ನು ಕೇಳಿ ತಾವೇ ತಮ್ಮ ಕೈಯಾರೆ ಬರೆದರು. ನಮ್ಮ ಮನೆತನದಲ್ಲಿ ಕಾಲೇಜಿನ ಪುಸ್ತಕವೊಂದರಲ್ಲಿ ಕೆಂಪು ಶಾಯಿಯ ಗೌರವ ಪಡೆದವಳು ಓದು ಬಾರದ ದೊಡ್ಡಮ್ಮ. ಓದು ಬಂದ ನನಗೆ ಅದೇ ಶಾಯಿಯಲ್ಲಿ ಸಿಕ್ಕಿದ್ದು ಬರೀ ತಿದ್ದುಪಡಿಗಳು. ಪರೀಕ್ಷೆಗೆ ಕೂತೆ, ಪಾಸಾದೆ, ಒಳ್ಳೆಯ ಅಂಕವೇ ಬಂತು. ಅಂಕಪಟ್ಟಿ ತೋರಿಸಿದಾಗ ದೊಡ್ಡಮ್ಮ ತೋಳುದ್ದಕ್ಕೆ ಹಿಡಿದು ಅದರ ತೂತನ್ನೂ ಎಣಿಸಿದಳು. ಎಷ್ಟೆಂದು ಹೇಳುವುದಿಲ್ಲ.

ಆ ಶನಿವಾರ ಆಕೆ ಹೇಳಿದ ಮಾತನ್ನು ಎಷ್ಟೋ ಜನರ ಮುಂದೆ ಆಕೆಯ ದನಿಯಲ್ಲೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಇಲ್ಲಿ ದನಿ ಕೇಳಿಸಲಾರೆ, ಇದ್ದದ್ದು ಇದ್ದ ಹಾಗೆ ಬರೆಯಬಲ್ಲೆ ಅಷ್ಟೆ. ಜಾಲಿ ಗಿಡದ ನೆರಳಲ್ಲಿ ನಿಂತು, ಒಂದು ಕೈಯಲ್ಲಿ ಕುರಿಯ ಕಿವಿ ಹಿಡಿದು, ಸಿಟ್ಟಿಲ್ಲದೆ, ನನ್ನ ಕಂಪ್ಯೂಟರಿಗೂ ನನಗೂ ಸೇರಿಸಿ ಆಕೆ ಹೇಳಿದ್ದು ಇಷ್ಟು:

"ಲೇ ಮಂಜ, ಅದೇನು ಬೋರ್ಡ್ ನೋಡೈತೇನ್ಲೇ? ನೀ ಹೇಳಿದ್ದು ಕೇಳಿ ಹತ್ತು ಅಂದೈತೆ. ನಾನು ನೋಡಿ ಒಂಬತ್ತು ಅಂದೀನಿ."